ಯಾಕೆ ಎಂದು ಕೇಳುವ ಮನಸ್ಸು

ಗರ್ಭ ಇಟ್ಟುಕೊಳ್ಳಬೇಕೇ ಬೇಡವೇ ಎಂಬುದನ್ನು ಹೊರುವವಳೇ ತೀರ್ಮಾನಿಸಬೇಕು. ಲೈಂಗಿಕ ಮತ್ತು ಸಂತಾನ ಆರೋಗ್ಯದ ಸಂಶೋಧನೆಗೆ ಇಳಿದಾಗಿನಿಂದ ನಾನು ನಂಬಿಕೊಂಡು ಬಂದದ್ದು ಇದನ್ನೇ. ವರದಿಗಳಲ್ಲಿ ಬರೆದಿದ್ದೇನೆ, ನರ್ಸ್‌ಗಳ ತರಬೇತಿಯಲ್ಲಿ ಹೇಳಿದ್ದೇನೆ, ಮನೆಯಲ್ಲಿ ಅಣ್ಣಂದಿರ ಜೊತೆ ವಾದ ಮಾಡಿದ್ದೇನೆ. ಮದುವೆಯಾಗದ ಹುಡುಗಿ ಗರ್ಭ ಬೇಡ ಎಂದರೆ ನನ್ನಲ್ಲಿ ಪ್ರಶ್ನೆ ಏಳುವುದಿಲ್ಲ. ಆದರೆ ಎರಡು ಹೆಣ್ಣುಮಕ್ಕಳ ತಾಯಿ ನಾಲ್ಕು ತಿಂಗಳು ದಾಟಿದ ಮೇಲೆ ‘ತೆಗೆಸಬೇಕು’ ಎಂದಳೋ, ಠಾಣೆಯ ಪೊಲೀಸಿನವನ ಹಾಗೆ ನನ್ನ ಮನಸ್ಸು ಕೇಳಿಬಿಡುತ್ತದೆ: ಯಾಕೆ?

ಇಂಥ ಅನುಮಾನಕ್ಕೆ ಕಾರಣಗಳು ನಮ್ಮ ಜಿಲ್ಲೆಗಳಲ್ಲೇ ಇವೆ. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಜಾಲದಲ್ಲಿ, ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಮಗು ಗಂಡೋ ಹೆಣ್ಣೋ ಹೇಳುತ್ತಿದ್ದರೆಂಬುದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗ ಅದು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯ್ದೆ ಹಿಡಿಯಬೇಕಾದದ್ದು ಲಿಂಗ ಹೇಳುವವರನ್ನು, ಹೇಳಿಸುವವರನ್ನು. ಗರ್ಭಪಾತಕ್ಕೆ 1971ರದೇ ಬೇರೆ ಕಾಯ್ದೆ ಇದೆ. ಅದರಲ್ಲೂ ಕೊನೆಯ ಮಾತು ಹೆಂಗಸಿನದಲ್ಲ, ವೈದ್ಯರದು: 20 ವಾರದವರೆಗೆ ಒಬ್ಬರ ಅಭಿಪ್ರಾಯ ಬೇಕು, ಕೆಲವು ವರ್ಗದವರಿಗೆ 24 ವಾರದವರೆಗೆ ಇಬ್ಬರದು. ಜನರ ಮನಸ್ಸಿನಲ್ಲಿ ಈ ಎರಡು ಕಾಯ್ದೆಗಳು ಕಲೆಸಿಹೋಗಿವೆ. ದಾಳಿ, ಬಂಧನಗಳ ಸುದ್ದಿ ಬಂದಾಗ ವೈದ್ಯರು ಹೆದರುತ್ತಾರೆ. ಮೂರು ತಿಂಗಳು ದಾಟಿದವಳನ್ನು ಮುಟ್ಟುವುದೇ ಬೇಡವೆಂದು ಸಾಗಹಾಕುತ್ತಾರೆ. ಮೆಡಿಕಲ್ ಶಾಪಿನವರು ಗರ್ಭಪಾತದ ಮಾತ್ರೆ ಇಡುವುದನ್ನೇ ನಿಲ್ಲಿಸುತ್ತಾರೆ. ಆ ಮಾತ್ರೆ ಕೆಲಸಕ್ಕೆ ಬರುವುದು ಬಹುಪಾಲು ಮೊದಲ ವಾರಗಳಲ್ಲಿ, ಸ್ಕ್ಯಾನಿಂಗ್‌ನಲ್ಲಿ ಲಿಂಗ ಕಾಣುವುದಕ್ಕೂ ಮುಂಚೆ. 2015ರಲ್ಲಿ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವೆಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. ಮುಕ್ಕಾಲು ಭಾಗದಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ ಆದವು. ತಡವಾಗಿ ಬರುವವರಲ್ಲಿ ಯಾರಿರುತ್ತಾರೆ? ಮುಟ್ಟು ನಿಂತದ್ದನ್ನು ಹೇಳಲು ಹೆದರಿದ ಹುಡುಗಿ, ಕೂಲಿ ಬಿಟ್ಟು ಬರಲಾಗದವಳು, ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮೆದುಳು ಬೆಳೆದಿಲ್ಲವೆಂದು ತಿಳಿದವಳು. ನನ್ನ ‘ಯಾಕೆ’ ಇವರೆಲ್ಲರ ಮೇಲೂ ಬೀಳುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಪ್ರಶ್ನೆ ಸುಮ್ಮನಾಗುವುದಿಲ್ಲ.

ಅದರ ಬೇರು ಎಲ್ಲಿದೆ ಎಂದು ಹುಡುಕಿದ್ದೇನೆ. ಹೆಣ್ಣೆಂಬ ಒಂದೇ ಕಾರಣಕ್ಕೆ ಗರ್ಭ ಬೇಡವಾದಾಗ, ಬೇಡವಾದವಳು ನಾನೇ ಅನ್ನಿಸುತ್ತದೆ. ಈ ನೋವಿನ ಬಗ್ಗೆ ನನಗೆ ಸಂಕೋಚವಿಲ್ಲ. ಸಂಕೋಚವಿರುವುದು ಇನ್ನೊಂದರ ಬಗ್ಗೆ. ಈ ಗೊಂದಲವನ್ನು ಸಭೆಗಳಲ್ಲಿ ನಾನು ಬಾಯಿಬಿಟ್ಟು ಹೇಳಿದ್ದೇ ಕಡಿಮೆ. ಗರ್ಭಪಾತವೇ ಕೂಡದು ಎನ್ನುವವರ ಕೈಗೆ ನನ್ನ ಮಾತು ಸಿಕ್ಕೀತೆಂಬ ಭಯ ಒಂದು ಕಡೆ. ನಮ್ಮವರ ನಡುವೆಯೇ ಪರಕೀಯಳಾದೇನೆಂಬ ಭಯ ಇನ್ನೊಂದು ಕಡೆ. ಎರಡನೆಯದೇ ಹೆಚ್ಚಿತ್ತು.

ಮಂಡ್ಯ ಕಡೆಯ ಹಳ್ಳಿಯೊಂದರಲ್ಲಿ ಸಂದರ್ಶನ ಮುಗಿಸಿ ಎದ್ದಾಗ, ಎರಡು ಹೆಣ್ಣುಮಕ್ಕಳ ಬಸುರಿ ತಾಯಿಯೊಬ್ಬಳು ನನ್ನನ್ನು ತಡೆದು ಕೇಳಿದ್ದಳು: “ಇದೂ ಹೆಣ್ಣಾದ್ರೆ ನನ್ ಗಂಡ ಇನ್ನೊಂದ್ ಮದ್ವೆ ಆಗಲ್ಲ ಅಂತ ನೀವು ಬರ್ಕೊಡ್ತೀರಾ ಮೇಡಂ?” ಬರೆದುಕೊಡಲು ನನ್ನಲ್ಲಿ ಏನಿತ್ತು? ಅವಳ ತೀರ್ಮಾನ ಸ್ವತಂತ್ರವಾದದ್ದಲ್ಲ ಎಂದು ನಾನು ಸುಲಭವಾಗಿ ಹೇಳಬಹುದು. ಹಾಗೆ ನೋಡಿದರೆ ಅವಳ ಮದುವೆಯೂ ಸ್ವತಂತ್ರವಾದದ್ದಲ್ಲ, ಮೊದಲ ಬಸಿರೂ ಅಲ್ಲ. ಎಲ್ಲ ಬಲವಂತಗಳನ್ನೂ ಒಪ್ಪಿಕೊಂಡ ನಾವು ಇದೊಂದರ ಮುಂದೆ ನಿಂತು ಅವಳನ್ನು ತಡೆದರೆ, ಅದೂ ಅವಳ ಮೇಲೆ ಬಿದ್ದ ಇನ್ನೊಂದು ಬಲವಂತವೇ. ಬೇಡವೆಂದವಳಿಂದ ಹೆರಿಸಿದ ಮೂರನೆಯ ಮಗಳಿಗೆ ಆ ಮನೆಯಲ್ಲಿ ಏನು ಸಿಗುತ್ತದೆ ಎಂಬುದನ್ನು ನೋಡಲು ನಾವು ಯಾರೂ ಮರಳಿ ಹೋಗುವುದಿಲ್ಲ.

ಆದ್ದರಿಂದ ನನ್ನ ನಿಲುವು ಬದಲಾಗಿಲ್ಲ: ಗರ್ಭದ ಮಾತು ಅವಳದೇ. ಎದೆಯೊಳಗಿನ ‘ಯಾಕೆ’ಯೂ ಹೋಗಿಲ್ಲ. ಆದರೆ ಅದನ್ನು ಕೇಳಬೇಕಾದವರು ಬೇರೆ ಇದ್ದಾರೆ. ಇಷ್ಟು ವರ್ಷ ನಾನು ಬರೆದ ಪ್ರಶ್ನಾವಳಿಗಳಲ್ಲಿ ಕಾರಣ ಹೇಳಬೇಕಾದವಳು ಹೆಂಡತಿಯೇ. ಗಂಡ ಹೊಲಕ್ಕೆ ಹೋಗಿರುತ್ತಿದ್ದ, ಅತ್ತೆ ಬಾಗಿಲ ಆಚೆ ಕೂತಿರುತ್ತಿದ್ದಳು. ಈಗ ಆ ಗಂಡನಿಗೆ, ಅತ್ತೆಗೆ, ಮಾವನಿಗೆ ಪ್ರಶ್ನೆಗಳನ್ನು ಬರೆಯುತ್ತಿದ್ದೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ನಿಮ್ಮ ಮನೆಯಲ್ಲಿ ಯಾವ ಮಗಳಿಗಾದರೂ ಜಮೀನು ಕೊಟ್ಟಿದ್ದೀರಾ? ಮುಪ್ಪಿನಲ್ಲಿ ಮಗಳ ಮನೆಯಲ್ಲಿ ಇರುತ್ತೀರಾ? ಸ್ಕ್ಯಾನಿಂಗ್‌ಗೆ ದುಡ್ಡು ಕೊಟ್ಟವರು ಯಾರು? ಈ ಕೊನೆಯದಕ್ಕೆ ಯಾರೂ ನಿಜ ಹೇಳುವುದಿಲ್ಲ, ತೆಗೆದುಬಿಡಿ ಎನ್ನುತ್ತಾರೆ ಸಹೋದ್ಯೋಗಿಗಳು. ನಾನು ತೆಗೆಯುವುದಿಲ್ಲ.