ದೊಡ್ಡಪ್ಪನ ತೊಟ್ಟಿ

ಸರ್ಕಾರಿ ಕೆಲಸದಿಂದ ನಿವೃತ್ತರಾದವರು ಹಳ್ಳಿಗೆ ಮರಳುತ್ತಾರೆಂದರೆ ಹಳ್ಳಿಗೆ ಒಳಗೊಳಗೇ ಒಂದು ಅಂಜಿಕೆ. ಮೇಷ್ಟರು ಬಂದರೆ ಹಾದಿಯಲ್ಲಿ ಹೋಗುವವರ ಕಾಗುಣಿತ ತಿದ್ದುತ್ತಾರೆ. ಶೇಕದಾರರು ಬಂದರೆ ನೆರೆಯವನ ಬೇಲಿಯನ್ನು ಹೆಜ್ಜೆ ಹಾಕಿ ಅಳೆಯುತ್ತಾರೆ. ಇಂಜಿನಿಯರು ಬಂದರೆ ಏನು ಮಾಡುತ್ತಾರೆಂಬುದು 1992ರವರೆಗೆ ನಮ್ಮ ಹಳ್ಳಿಗೆ ತಿಳಿದಿರಲಿಲ್ಲ. ಆ ವರ್ಷ ನನ್ನ ದೊಡ್ಡಪ್ಪ ಐವತ್ತೆಂಟು ತುಂಬಿಸಿ, ಎರಡು ಕಬ್ಬಿಣದ ಪೆಟ್ಟಿಗೆ, ಒಂದು ಆರಾಮ ಕುರ್ಚಿ ಮತ್ತು ನಾಲ್ಕು ಮಾರು ಉದ್ದದ ಪಾರದರ್ಶಕ ಕೊಳವೆಯೊಂದಿಗೆ ಬಸ್ಸಿನಿಂದ ಇಳಿದ. ಆ ಕೊಳವೆ ಏತಕ್ಕೆ ಎಂದು ಅಜ್ಜಿ ಕೇಳಿದಳು. ‘ಊರು ಮಟ್ಟವಾಗಿದೆಯೋ ಇಲ್ಲವೋ ನೋಡಕ್ಕೆ’ ಎಂದ. ಮಲೆನಾಡಿನಲ್ಲಿ ಮಟ್ಟವಾದ ಜಾಗ ಹುಡುಕಲು ಹೊರಟ ಮಗನನ್ನು ಅಜ್ಜಿ ಮರುಕದಿಂದ ನೋಡಿದಳು.

ನಮ್ಮ ಮನೆ ಶೃಂಗೇರಿಯಿಂದ ಕಿಗ್ಗಕ್ಕೆ ಹೋಗುವ ಹಾದಿಯಲ್ಲಿ, ರಸ್ತೆ ಬಿಟ್ಟು ಒಂದು ಮೈಲು ಒಳಗೆ. ಎರಡು ಮನೆ ನಮ್ಮದು: ಒಂದು ಅಪ್ಪನದು, ಒಂದು ದೊಡ್ಡಪ್ಪನದು. ತೋಟದ ಕೆಳಗೆ ಹಳ್ಳ ದಾಟಿದರೆ ಏಳು ಮನೆಗಳ ಒಂದು ಕೇರಿ. ದೊಡ್ಡಪ್ಪ ಬಂದ ಮೊದಲ ವರ್ಷ ಮಾಡಿದ ಕೆಲಸಗಳನ್ನು ಪಟ್ಟಿ ಹಾಕಿದರೆ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಶಾಲೆಯ ಮಾಡಿನ ಹಂಚು ಸರಿಮಾಡಿಸಿದ. ಹತ್ತನೆಯ ತರಗತಿಯಲ್ಲಿ ಲೆಕ್ಕಕ್ಕೆ ಹೆದರಿದ ಮಕ್ಕಳನ್ನು ಸಂಜೆ ಜಗುಲಿಯ ಮೇಲೆ ಕೂರಿಸಿಕೊಂಡ. ಹಳ್ಳಕ್ಕೆ ಅಡಿಕೆ ಮರ ಅಡ್ಡ ಹಾಕಿದ್ದ ಸಂಕಕ್ಕೆ ಎರಡೂ ಪಕ್ಕ ಹಿಡಿಕೆ ಕಟ್ಟಿಸಿ, ದಡದಲ್ಲಿ ಕಲ್ಲಿನ ಪೀಠ ಕೂರಿಸಿದ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದ್ದ ಸಂಗತಿ ದೊಡ್ಡಪ್ಪನಿಗೆ ಬಲು ಮೆಚ್ಚಿಕೆ. ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದ. 2017ರಲ್ಲಿ ಭಾರದ್ವಾಜರಿಗೆ ಪದ್ಮಶ್ರೀ ಬಂತು. ಅದನ್ನು ಕೇಳಲು ದೊಡ್ಡಪ್ಪ ಇರಲಿಲ್ಲ. ಇದ್ದಿದ್ದರೆ ಪ್ರಶಸ್ತಿ ತನಗೇ ಬಂದಂತೆ ಊರಿಗೆಲ್ಲ ಪಾಯಸ ಮಾಡಿಸುತ್ತಿದ್ದ.

ಅವನ ವೃತ್ತಿಯ ಮೊದಲ ಭಾಗ ಕಳೆದದ್ದು ಲಿಂಗನಮಕ್ಕಿಯಲ್ಲಿ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಿಂದ ಹೊರಬಿದ್ದವನೇ ಶರಾವತಿಯ ದಡ ಸೇರಿದ್ದ. ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ದೀಪ ಹಚ್ಚಿದ ಆ ಕೆಲಸದ ಬಗ್ಗೆ ಹೆಮ್ಮೆಯಿಂದ ಕಥೆ ಹೇಳಲಿ ಎಂದು ನಾವು ಹುಡುಗರು ಕಾಯುತ್ತಿದ್ದೆವು. ಅವನು ಹೇಳುತ್ತಿದ್ದುದು ಮಾತ್ರ ಲಿಂಗನಮಕ್ಕಿಯ ಕಥೆಯಲ್ಲ, ಅದು ಮುಳುಗಿಸಿದ ಇನ್ನೊಂದು ಅಣೆಕಟ್ಟಿನ ಕಥೆ. ಅದಕ್ಕೂ ಮೊದಲು, 1940ರ ದಶಕದಲ್ಲಿ, ಅದೇ ಹೊಳೆಗೆ ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಕಟ್ಟಿದ್ದರು. ಗಣೇಶ ಅಯ್ಯರ್ ಎಂಬ ಇಂಜಿನಿಯರರು ಅದಕ್ಕೆ ಸೈಫನ್ನುಗಳನ್ನು ಕೂರಿಸಿದ್ದರು. ನೀರು ಮಿತಿ ಮೀರಿ ಏರಿದರೆ ಯಾರೂ ಬಾಗಿಲು ತೆಗೆಯಬೇಕಿಲ್ಲ. ನೀರೇ ತನ್ನನ್ನು ತಾನು ಎಳೆದುಕೊಂಡು ಆಚೆಗೆ ಬೀಳುತ್ತಿತ್ತು. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟು, ಅದರ ಸೈಫನ್ನು ಎಲ್ಲವೂ ನೀರಿನಡಿಗೆ ಹೋದವು. ಈಗಲೂ ಹಿನ್ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಮೇಲೆದ್ದು ನಿಲ್ಲುತ್ತದೆ, ನೋಡಲು ಜನ ಹೋಗುತ್ತಾರೆ. ಸಾವಿರಾರು ಮನೆಗಳೂ ಮುಳುಗಿದವು. ಅವನ್ನು ನೋಡಲು ಯಾರೂ ಹೋಗುವುದಿಲ್ಲ. ಈ ಮಾತು ಬಂದಾಗ ದೊಡ್ಡಪ್ಪ ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ಸುಮ್ಮನಾಗುತ್ತಿದ್ದ.

ದೊಡ್ಡಮ್ಮ ನರಸಿಂಹರಾಜಪುರದ ಕಡೆಯವಳು. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಹಾಕಿದಾಗ ಅವಳ ತವರಿನ ಗದ್ದೆ ಹಿನ್ನೀರಿನ ಪಾಲಾಗಿತ್ತು. ‘ನಿಮ್ಮ ಜಾತಿಯವರೇ ಅಲ್ಲವಾ ನಮ್ಮ ಗದ್ದೆ ಮುಳುಗಿಸಿದ್ದು’ ಎಂದು ಅವಳು ಒಗ್ಗರಣೆ ಹಾಕುತ್ತ ಹಾಕುತ್ತ ಅನ್ನುವಳು. ಜಾತಿಯೆಂದರೆ ಇಂಜಿನಿಯರ ಜಾತಿ. ‘ಹೌದು ಮಾರಾಯ್ತಿ, ಅದಕ್ಕೇ ಅಲ್ಲವಾ ನಿನ್ನನ್ನು ಮದುವೆಯಾಗಿ ದಂಡ ಕಟ್ತಾ ಇರೋದು’ ಎಂದು ಇವನು ಬೀನ್ಸು ಮುರಿಯುತ್ತ ಹೇಳುವನು. ಮನೆಯಲ್ಲಿದ್ದಷ್ಟು ಹೊತ್ತೂ ಏನಾದರೊಂದು ತರಕಾರಿ ಅವನ ಕೈಯಲ್ಲಿರುತ್ತಿತ್ತು. ಹೆಚ್ಚಿದ ಹೋಳುಗಳು ಒಂದಕ್ಕೊಂದು ಅಚ್ಚು ಹಾಕಿದಂತೆ ಸಮ.

ಈ ಸಮಪಾಲಿನ ಹುಚ್ಚು ಅವನಲ್ಲಿ ಎಷ್ಟಿತ್ತೆಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಓದಲೆಂದು ಬೇರೆ ಬೇರೆ ಊರುಗಳಲ್ಲಿದ್ದರು. ಪ್ರತಿ ಭಾನುವಾರ ಅವರಿಗೆ ಕಾಗದ ಬರೆಯುವನು. ಬರೆಯುವುದು ಒಂದೇ ಕಾಗದ. ಕೆಳಗೆ ಕಾರ್ಬನ್ ಇಟ್ಟು ಇನ್ನೊಂದು. ಒಂದು ವಾರ ಹಿರಿಯವಳಿಗೆ ಅಸಲು, ಕಿರಿಯವಳಿಗೆ ನಕಲು, ಮರುವಾರ ಅದಲುಬದಲು. ಯಾರಿಗೆ ಯಾವ ವಾರ ಅಸಲು ಹೋಯಿತೆಂದು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕುತ್ತಿದ್ದ. ಮದುವೆಯಾದ ಮೇಲೂ ಇದು ನಿಲ್ಲಲಿಲ್ಲ.

ಇಂಥವನು ನೀರಿಗೆ ಕೈಹಾಕಿದ. ವರ್ಷಕ್ಕೆ ನೂರೈವತ್ತು ಅಂಗುಲದ ಆಸುಪಾಸು ಮಳೆ ಹೊಯ್ಯುವ ಸೀಮೆಯಲ್ಲಿ ನೀರಿಗೆ ಜಗಳವೇ ಎಂದು ನನ್ನ ಬೆಂಗಳೂರಿನ ಮಿತ್ರರು ನಗುತ್ತಾರೆ. ಆ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ತುಂಗೆಗೆ ಇಳಿದು ಹೋಗುತ್ತದೆ. ಚೈತ್ರ ವೈಶಾಖದ ಹೊತ್ತಿಗೆ ಬೆಟ್ಟದ ಒರತೆ ಕಿರುಬೆರಳಿನಷ್ಟಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ನಮ್ಮ ಎರಡು ಮನೆಗಳಿಗೆ ಅಬ್ಬಿ ನೀರು ಬರುತ್ತಿತ್ತು: ಮೇಲಿನ ಸೊಪ್ಪಿನ ಬೆಟ್ಟದ ಒರತೆಯಿಂದ, ಗುಡ್ಡವನ್ನು ಸುತ್ತುಬಳಸಿ, ಅಡಿಕೆ ಮರದ ದಬ್ಬೆಗಳ ಮೇಲೆ ಹರಿದು, ನೇರವಾಗಿ ಬಚ್ಚಲಿಗೆ. ಕೇರಿಯವರು ಬೇಸಿಗೆಯಲ್ಲಿ ಹಳ್ಳದ ಮರಳು ಬಗೆದು, ಗುಂಡಿಯಲ್ಲಿ ನಿಂತ ನೀರನ್ನು ಚಿಪ್ಪಿನಿಂದ ಮೊಗೆದು ಕೊಡ ತುಂಬುತ್ತಿದ್ದರು. ನಾನು ಅದನ್ನು ದಿನಾ ನೋಡುತ್ತಿದ್ದೆ. ಹಳ್ಳ ಇದ್ದ ಹಾಗೆ, ಹಾದಿ ಇದ್ದ ಹಾಗೆ ಅದೂ ಒಂದು ಎಂದುಕೊಂಡಿದ್ದೆ.

1993ರ ಮಾರ್ಗಶಿರದಲ್ಲಿ ದೊಡ್ಡಪ್ಪ ಅಪ್ಪನ ಹತ್ತಿರ ಬಂದು ಕೂತ. ಪಾಲಾದಾಗ ಒರತೆಯಿದ್ದ ಬೆಟ್ಟ ಅಪ್ಪನ ಪಾಲಿಗೆ ಬಂದಿತ್ತು. ‘ತಮ್ಮಾ, ಒರತೆ ನಿಂದು. ಪೈಪಿನ ಖರ್ಚು ನಂದು. ಕೇರಿಗೂ ನೀರು ಕೊಡುವಾ’ ಎಂದ. ಆಗ ಒರತೆ ಧಾರಾಳವಾಗಿತ್ತು, ಅಪ್ಪನ ಮನಸ್ಸೂ ಧಾರಾಳವಾಗಿತ್ತು. ‘ನೀನು ಹೇಳಿದ ಮೇಲೆ ಎಂತ, ಅಣ್ಣ’ ಎಂದ.

ನಿವೃತ್ತಿಯ ಹಣದಲ್ಲಿ ಕಪ್ಪು ಪೈಪು ಬಂತು. ಗುಡ್ಡ ಸುತ್ತುವ ಬದಲು ಅದರ ಬೆನ್ನಿನ ಮೇಲೆಯೇ ಪೈಪು ಹತ್ತಿಸಿ ಈಚೆಗೆ ಇಳಿಸಿದ. ನೀರು ಮೇಲಕ್ಕೆ ಹತ್ತುತ್ತದೆಯೇ ಎಂದು ಊರೇ ನೋಡಲು ಬಂತು. ದೊಡ್ಡಪ್ಪ ಪೈಪಿನ ಎರಡೂ ಬಾಯಿ ಮುಚ್ಚಿ, ನೆತ್ತಿಯಲ್ಲಿ ನೀರು ತುಂಬಿಸಿ, ಬಿರಡೆ ಬಿಗಿದು, ‘ಬಿಡ್ರೋ’ ಎಂದ. ಈಚೆ ಬಾಯಿಂದ ನೀರು ಬುಳಬುಳನೆ ಬಂತು. ‘ಹಿರೇಭಾಸ್ಕರ’ ಎಂದ, ನನ್ನ ಕಡೆ ತಿರುಗಿ, ಒಂದೇ ಮಾತು. ಆಚೆಯ ಒರತೆಗಿಂತ ಈಚೆಯ ಬಾಯಿ ತಗ್ಗಿನಲ್ಲಿರಬೇಕು, ನಡುವಿನ ಏರು ಮೂವತ್ತು ಅಡಿ ಮೀರಬಾರದು, ಗಾಳಿ ಸೇರಬಾರದು. ಇಷ್ಟಿದ್ದರೆ ನೀರು ಬೆಟ್ಟ ದಾಟುತ್ತದೆ ಎಂದು ಆಮೇಲೆ ಬಿಡಿಸಿ ಹೇಳಿದ. ನಮ್ಮ ಗುಡ್ಡದ ಏರು ಹನ್ನೆರಡು ಅಡಿ.

ಈಚೆ ಬದಿಯಲ್ಲಿ ಒಂದು ಸಿಮೆಂಟಿನ ತೊಟ್ಟಿ. ತೊಟ್ಟಿಯ ಒಂದು ಗೋಡೆಗೆ ತಗಡು. ತಗಡಿನಲ್ಲಿ ಒಂದೇ ಮಟ್ಟದಲ್ಲಿ ಕತ್ತರಿಸಿದ ಎರಡು ಕಂಡಿ. ನಮ್ಮದು ಒಂದು ಅಂಗುಲ, ಕೇರಿಯದು ಎರಡು ಅಂಗುಲ. ನೀರು ಹೆಚ್ಚಿರಲಿ ಕಡಿಮೆಯಿರಲಿ, ಒಂದಕ್ಕೆ ಎರಡು ತಪ್ಪದು. ಜನ, ದನ ಎಲ್ಲ ಎಣಿಸಿ, ಒಂದು ದನಕ್ಕೆ ಇಬ್ಬರು ಮನುಷ್ಯರ ಲೆಕ್ಕ ಹಿಡಿದು ತೆಗೆದ ಪ್ರಮಾಣ ಅದು. ಕಂಡಿಯ ಅಂಚಿನಲ್ಲಿ ನೀರು ತುಸು ಒಳಕ್ಕೆ ಮುದುಡುತ್ತದೆ, ಅಗಲ ಕಿರಿದಾದಷ್ಟೂ ಆ ನಷ್ಟ ಎದ್ದು ಕಾಣುತ್ತದೆ ಎಂದು ನಮ್ಮ ಕಂಡಿಗೆ ಅರ್ಧ ನೂಲು ಹೆಚ್ಚು ಕೊಟ್ಟಿದ್ದ.

ಚೈತ್ರ ಬಂತು. ಒರತೆ ಬಡವಾಯಿತು. ಅಪ್ಪ ತೋಟದಲ್ಲಿ ಹೊಸದಾಗಿ ಅಡಿಕೆ ಸಸಿ ನೆಟ್ಟಿದ್ದ. ಅವುಗಳ ಸುಳಿ ಬಾಡಿತು. ‘ಎರಡು ತಿಂಗಳ ಮಟ್ಟಿಗೆ ಕೇರಿಯ ಕಂಡಿ ಅರ್ಧ ಮಾಡು ಅಣ್ಣ’ ಎಂದ ಅಪ್ಪ. ‘ಕುಡಿಯುವ ನೀರಿನ ಲೆಕ್ಕದಲ್ಲಿ ಅಡಿಕೆ ಗಿಡ ಬರಲ್ಲ ತಮ್ಮಾ’ ಎಂದ ದೊಡ್ಡಪ್ಪ. ‘ಒರತೆ ನಂದು.’ ‘ಒರತೆ ನಿಂದೇ. ಕೊಟ್ಟವನೂ ನೀನೇ.’ ಮಾತು ಬೆಳೆಯಿತು. ಅಪ್ಪ ಅಂದ ಕೊನೆಯ ಮಾತು ನನಗೆ ಈಗಲೂ ಕೇಳುತ್ತದೆ: ‘ಊರಿಗೆಲ್ಲ ಅಣ್ಣ ನೀನು. ನನಗೊಬ್ಬನಿಗೆ ಇಂಜಿನಿಯರು.’ ಅಂದಿನಿಂದ ಎರಡು ಮನೆಯ ನಡುವೆ ಮಾತು ನಿಂತಿತು. ಅಜ್ಜಿ ಮಾತ್ರ ಎರಡೂ ಜಗುಲಿಯಲ್ಲಿ ಸರದಿ ಮೇಲೆ ಕೂತು ಎರಡೂ ಕಡೆಯ ಸೊಸೆಯರಿಂದ ಕಾಫಿ ಕುಡಿಯುತ್ತಿದ್ದಳು.

ಇನ್ನು ಮುಂದಿನದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ನನಗಾಗ ಹದಿನಾಲ್ಕು. ಅಪ್ಪ ಉಣ್ಣುವಾಗಲೂ ಸಸಿಗಳ ಮಾತೇ ಆಡುತ್ತಿದ್ದ; ಒಂದು ರಾತ್ರಿ ಅವನ ಕಣ್ಣಲ್ಲಿ ನೀರು ಕಂಡೆ, ಅಥವಾ ಕಂಡೆನೆಂದುಕೊಂಡೆ. ಬೆಳಗಿನ ಜಾವ ಎದ್ದು ತೊಟ್ಟಿಗೆ ಹೋಗಿ, ತೆಂಗಿನ ಸಿಪ್ಪೆಯ ಒಂದು ತುಂಡನ್ನು ಕೇರಿಯ ಕಂಡಿಗೆ ಹಿಡಿದು ಹೆಬ್ಬೆರಳಿನಿಂದ ಒತ್ತಿದೆ. ನೀರು ಒಂದು ಕ್ಷಣ ನಿಂತು, ಯೋಚಿಸಿ, ನಮ್ಮ ಕಡೆಗೆ ಹೊರಳಿತು. ಅಷ್ಟು ಸುಲಭವಾಗಿ ಆದ ಕೆಲಸ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ.

ಮಧ್ಯಾಹ್ನ ದೊಡ್ಡಪ್ಪ ನನ್ನನ್ನು ಕರೆದ. ‘ಮಾಣಿ, ಗಡಿಯಾರ ಇದೆಯಲ್ಲ ನಿನ್ನ ಹತ್ತಿರ, ಬಾ’ ಎಂದ. ಎಂಟನೆಯ ತರಗತಿಯಲ್ಲಿ ಮೊದಲಿಗನಾದುದಕ್ಕೆ ಅವನೇ ಕೊಡಿಸಿದ್ದ ಗಡಿಯಾರ. ತೊಟ್ಟಿಯ ಹತ್ತಿರ ಹೋಗುವುದೆಂದುಕೊಂಡು ನನ್ನ ಕಾಲು ನಡುಗಿತು. ಹೋದದ್ದು ಕೇರಿಗೆ. ಅಲ್ಲಿ ಪೈಪಿನ ಬಾಯಿಗೆ ಹದಿನೈದು ಲೀಟರಿನ ಒಂದು ಕೊಡ ಇಟ್ಟಿದ್ದರು. ಹಿಂದೆ ಸಾಲಾಗಿ ಹತ್ತೆಂಟು ಕೊಡ. ‘ಇದು ತುಂಬಲು ಎಷ್ಟು ಹೊತ್ತಾಗುತ್ತದೆ ಬರೆದುಕೋ’ ಎಂದು ನನಗೊಂದು ಚೀಟಿ, ಪೆನ್ಸಿಲು ಕೊಟ್ಟು, ತಾನು ಯಾರದೋ ಮನೆಯ ಕಟ್ಟೆಯ ಮೇಲೆ ಕೂತ. ಬಿಸಿಲು. ನೀರು ನೂಲಿನಂತೆ ಬೀಳುತ್ತಿತ್ತು. ಮುದುಕಿಯೊಬ್ಬಳು ಬಂದು ‘ಅಯ್ಯಾ, ಮಗ ಬಿಸಿಲಲ್ಲಿ ನಿಂತದೆ’ ಎಂದು ನನ್ನ ತಲೆಗೆ ಅಡಿಕೆ ಹಾಳೆಯ ಟೋಪಿ ಇಟ್ಟಳು. ಕೊಡ ತುಂಬಲು ಇಪ್ಪತ್ತಾರು ನಿಮಿಷ ಬೇಕಾಯಿತು. ಆ ಇಪ್ಪತ್ತಾರು ನಿಮಿಷ ಅಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಆಮೇಲೆ ತೊಟ್ಟಿಗೆ ಹೋದೆವು. ದೊಡ್ಡಪ್ಪ ಅತ್ತ ತಿರುಗಿ ನಿಂತು ಎದುರಿನ ಬೆಟ್ಟದಲ್ಲಿ ಯಾವುದೋ ಮರದ ಹೂವು ನೋಡತೊಡಗಿದ. ಬಹಳ ಹೊತ್ತು ನೋಡಿದ. ನಾನು ಸಿಪ್ಪೆ ಕಿತ್ತೆ. ‘ಏನೋ ಕಸ ಸಿಕ್ಕಿತ್ತು’ ಎಂದೆ. ‘ಹೌದಾ’ ಎಂದ. ಮತ್ತೆ ಕೇರಿಗೆ ಇಳಿದು ಅಳೆದೆವು: ಏಳೂವರೆ ನಿಮಿಷ. ಎರಡನ್ನೂ ನನ್ನ ಕೈಯಲ್ಲೇ ಬರೆಸಿ, ಕೆಳಗೆ ತಾರೀಖು ಹಾಕಿಸಿ, ಚೀಟಿಯನ್ನು ನನ್ನ ಅಂಗಿಯ ಜೇಬಿಗೇ ಇಳಿಬಿಟ್ಟ. ಅಪ್ಪನಿಗೆ ಹೇಳಲಿಲ್ಲ. ನನಗೂ, ಮುಂದಿನ ಇಪ್ಪತ್ತೆರಡು ವರ್ಷಗಳಲ್ಲಿ, ಆ ಮಾತು ಒಮ್ಮೆಯೂ ಎತ್ತಲಿಲ್ಲ.

ಮಳೆ ಹಿಡಿಯಿತು. ಮಳೆಗಾಲದಲ್ಲಿ ಒರತೆಯ ಬಾಯಿಗೆ ತರಗೆಲೆ ಕಟ್ಟುತ್ತದೆ. ಗಾಳಿ ಸೇರಿ ಸೈಫನ್ನು ಕಡಿಯುತ್ತದೆ. ಮಾತು ಬಿಟ್ಟ ಆ ಎರಡು ವರ್ಷವೂ ದೊಡ್ಡಪ್ಪ ಬೆಳಿಗ್ಗೆ ಆರಕ್ಕೆ ಕಂಬಳಿಕೊಪ್ಪೆ ಹೊದ್ದು, ಕಾಲಿಗೆ ಉಂಬಳ ಹತ್ತದಂತೆ ಸುಣ್ಣ ಹೊಗೆಸೊಪ್ಪು ಬಳಿದುಕೊಂಡು, ಬೆಟ್ಟ ಹತ್ತಿ ಎಲೆ ತೆಗೆದು ಬರುತ್ತಿದ್ದ. ಹೋಗುವಾಗ ನಮ್ಮ ಅಂಗಳದ ಮೇಲೇ ಹೋಗಬೇಕು. ಅಪ್ಪ ಜಗುಲಿಯಲ್ಲಿ ಕೂತು ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಏರಿಸುವನು. ಅದು ಹಿಂದಿನ ದಿನದ ಪತ್ರಿಕೆ.

ಮಾತು ಮತ್ತೆ ಹೇಗೆ ಶುರುವಾಯಿತೆಂದರೆ, 1996ರಲ್ಲಿ ದೊಡ್ಡಪ್ಪನ ಹಿರಿಯ ಮಗಳ ಮದುವೆ ಗೊತ್ತಾಯಿತು. ಮದುವೆಮನೆಯ ಉಗ್ರಾಣವನ್ನು ತಮ್ಮನಲ್ಲದೆ ಇನ್ನಾರು ನೋಡಬೇಕು? ಅಪ್ಪ ಕರೆಯಿಸಿಕೊಳ್ಳದೆ ಹೋಗಿ ಬೀಗದಕೈ ಕೇಳಿದ. ದೊಡ್ಡಪ್ಪ ಸೊಂಟದಿಂದ ಬಿಚ್ಚಿ ಕೊಟ್ಟ. ಅಷ್ಟೇ. ಬೆಲ್ಲ ಸಾಲದೆ ಬಂದಾಗ ಇಬ್ಬರೂ ಕೂಡಿಯೇ ಶೃಂಗೇರಿ ಪೇಟೆಗೆ ಹೋಗಿ ತಂದರು.

ದೊಡ್ಡಪ್ಪ ತೀರಿಕೊಂಡದ್ದು 2016ರ ಆಷಾಢದಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ. ನಾನು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಬೆಳಗಾಗಿತ್ತು; ಮಳೆ ಆಕಾಶಕ್ಕೂ ಭೂಮಿಗೂ ಹಗ್ಗ ಹೊಸೆದಂತೆ ಸುರಿಯುತ್ತಿತ್ತು. ಕೇರಿಯವರೆಲ್ಲ ಅಂಗಳದ ಚಪ್ಪರದಡಿ ನಿಂತಿದ್ದರು. ಒಳಗೆ ಹೆಂಗಸರು. ಪುರೋಹಿತರು ಅಪ್ಪನನ್ನು ಹುಡುಕುತ್ತಿದ್ದರು. ಅಪ್ಪ ಎಲ್ಲಿಯೂ ಇಲ್ಲ. ದುಃಖದಲ್ಲಿ ಎಲ್ಲಿಗೆ ಹೋದನೋ ಎಂದು ನಾನು ಗಾಬರಿಯಿಂದ ಹಿತ್ತಿಲಿಗೆ ಓಡಿದೆ. ಬೆಟ್ಟದ ಹಾದಿಯಲ್ಲಿ ಕೊಪ್ಪೆ ಹೊದ್ದ ಆಳೊಂದು ಇಳಿದು ಬರುತ್ತಿತ್ತು. ಒಂದು ಗಳಿಗೆ, ದೇವರಾಣೆಗೂ, ನನಗೆ ದೊಡ್ಡಪ್ಪನೇ ಎನ್ನಿಸಿತು. ಕೊಪ್ಪೆ ಅವನದೇ. ಒಳಗಿದ್ದವನು ಅಪ್ಪ. ಮೊಣಕೈವರೆಗೆ ಕೆಸರು. ‘ಎಲೆ ಕಟ್ಟಿತ್ತು’ ಎಂದ. ‘ಇಷ್ಟು ಜನ ಸೇರಿದ್ದಾರೆ, ನೀರು ನಿಂತರೆ ಎಂತ ಮಾಡುವುದು?’

ಕೇರಿಯ ಮನೆಗಳಿಗೆ ಈಗ ಕೊಳಾಯಿ ಬಂದಿದೆ. ಆದರೂ ಕುಡಿಯಲು ಅಬ್ಬಿ ನೀರೇ ರುಚಿ ಎಂದು ಆ ಪೈಪನ್ನು ಯಾರೂ ಬಿಟ್ಟಿಲ್ಲ. ತೊಟ್ಟಿಗೆ ಪಾಚಿ ಹಿಡಿದಿದೆ. ತಗಡು ತುಕ್ಕು ಹಿಡಿದಾಗ ಒಮ್ಮೆ ಬದಲಾಯಿಸಿದರು, ಅಳತೆ ಬದಲಾಗಿಲ್ಲ, ಆ ಅರ್ಧ ನೂಲೂ ಸೇರಿ. ಅಪ್ಪನಿಗೆ ಎಂಬತ್ತು ದಾಟಿದೆ. ಬೇಡವೆಂದರೂ ಕೇಳದೆ ಕೋಲೂರಿಕೊಂಡು ಮಳೆಯಲ್ಲಿ ಬೆಟ್ಟ ಹತ್ತುತ್ತಾನೆ. ಚೀಟಿ ನನ್ನ ಹತ್ತಿರ ಇನ್ನೂ ಇದೆ. ಪೆನ್ಸಿಲಿನ ಅಕ್ಷರ ಮಾಸಿದೆ, ಇಪ್ಪತ್ತಾರು ಓದಬಹುದು. ಈ ಬರಹ ಅಚ್ಚಾದರೆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಪತ್ರಿಕೆ ನಮ್ಮೂರು ಮುಟ್ಟುತ್ತದೆ. ಅಪ್ಪ ಅದನ್ನು ಊಟವಾದ ಮೇಲೆ, ಜಗುಲಿಯಲ್ಲಿ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರ ಬಿಡದೆ ಓದುತ್ತಾನೆ.