ಬೇಲ್ ತೂಗುವ ತಕ್ಕಡಿ

ನಮ್ಮ ಬೀದಿಯ ಹುಡುಗನೊಬ್ಬ ಡ್ರಗ್ಸ್ ಕೇಸಲ್ಲಿ ಒಳಗೆ ಹೋಗಿ 2 ವರ್ಷವಾಯ್ತು. ಅವರಮ್ಮ ಸಿಕ್ಕಾಗೆಲ್ಲ ಕೇಳೋದು ಒಂದೇ: ‘ಕೊಲೆ ಕೇಸಲ್ಲೂ ಬೇಲ್ ಸಿಗುತ್ತಲ್ಲಮ್ಮ, ಇವನಿಗೆ ಯಾಕಿಲ್ಲ?’ ಅವನು ತಪ್ಪು ಮಾಡಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಕೋರ್ಟೂ ಇನ್ನೂ ಹೇಳಿಲ್ಲ.

ಆಂಟಿಗೆ ಉತ್ತರ ಕೊಡಬೇಕು ಅಂತ 1985ರ ಎನ್‌ಡಿಪಿಎಸ್ ಕಾಯ್ದೆ ಓದಿದೆ. ಅಲ್ಲಿ ತೂಕವೇ ಎಲ್ಲ. ಎಂಡಿಎಂಎ ಅರ್ಧ ಗ್ರಾಂ ಒಳಗಿದ್ದರೆ ಹೆಚ್ಚೆಂದರೆ 1 ವರ್ಷ ಜೈಲು. 10 ಗ್ರಾಂ ದಾಟಿದರೆ ಕನಿಷ್ಠ 10, ಗರಿಷ್ಠ 20 ವರ್ಷ. ಬೆರೆಸಿದ ಬೇರೆ ಪುಡಿಯ ತೂಕವೂ ಲೆಕ್ಕಕ್ಕೆ ಸೇರುತ್ತೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಗ 37ನೇ ಸೆಕ್ಷನ್ ಅಡ್ಡ ಬರುತ್ತೆ. ಆರೋಪಿ ತಪ್ಪಿತಸ್ಥನಲ್ಲ ಅಂತ ನಂಬೋಕೆ ಕಾರಣ ಇದೆ, ಹೊರಗೆ ಬಂದು ಮತ್ತೆ ಅಪರಾಧ ಮಾಡಲ್ಲ ಅಂತ ಜಡ್ಜ್‌ಗೆ ಮನವರಿಕೆ ಆಗಬೇಕು. ಸಾಕ್ಷಿಗಳ ವಿಚಾರಣೆಯೇ ಆಗದೆ ಅದನ್ನು ತೋರಿಸೋದು ಹೇಗೆ?

ಮಕ್ಕಳ ಕೈಗೆ ಡ್ರಗ್ಸ್ ಇಡೋರ ಮೇಲೆ ನನಗೆ ಕನಿಕರವಿಲ್ಲ. ಕಾನೂನು ಬಿಗಿಯಾಗೇ ಇರಲಿ. ಆದರೆ ಬೇಲ್ ಅಷ್ಟು ಕಷ್ಟ ಮಾಡಿದ ಮೇಲೆ ವಿಚಾರಣೆ ಬೇಗ ಮುಗಿಸಬೇಕಲ್ವಾ? 2023ರಲ್ಲಿ ದೆಹಲಿಯ ಗಾಂಜಾ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಈ ವಿಳಂಬವನ್ನೇ ಪರಿಗಣಿಸಿ ಬೇಲ್ ಕೊಟ್ಟಿತು. ಅಷ್ಟರಲ್ಲಿ ಆ ಆರೋಪಿ ತೀರ್ಪಿಲ್ಲದೆ ಜೈಲಲ್ಲಿ ಕಳೆದಿದ್ದು 7 ವರ್ಷಕ್ಕೂ ಹೆಚ್ಚು. ಕೊನೆಗೆ ನಿರ್ದೋಷಿ ಅಂತಾದರೆ, ಆ ವರ್ಷಗಳನ್ನು ಯಾವ ತಕ್ಕಡಿಯಲ್ಲಿ ತೂಗೋದು?