ಯಾಕಂತ ಹೇಳ್ರಿ, ಅಷ್ಟೇ

ನಾವು ನಾಲ್ವರು ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಕಡೆಯವರು. ಸೆಕೆಂಡ್ ಇಯರ್. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಅದಕ್ಕೆ ಕನ್ನಡದಲ್ಲಿ ಬರೆಯೋದು ಸ್ವಲ್ಪ ನಿಧಾನ. ಆದ್ರೂ ಇದನ್ನ ಕನ್ನಡದಲ್ಲೇ ಬರೀಬೇಕು ಅನ್ನಿಸ್ತು, ಯಾಕಂದ್ರೆ ಈ ಪ್ರಶ್ನೆ ನಮ್ಮ ಊರಿನ ಮನೆಗಳಲ್ಲಿ ಕನ್ನಡದಲ್ಲೇ ಬಂತು.

ನಮ್ಮ ಕಡೆಯ ಸೀನಿಯರ್ ಅಣ್ಣ ಒಬ್ಬರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿದ್ರು. ಒಂದು ದಿನ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್ ಅಂತ ಮೇಲ್ ಬಂತು. ಮಧ್ಯಾಹ್ನಕ್ಕೆ ಲಾಗಿನ್ ಬಂದ್. "ನನ್ನ ಕೆಲಸದಲ್ಲಿ ಏನು ಕಮ್ಮಿ ಇತ್ತು?" ಅಂತ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಊರಿಗೆ ಬಂದಾಗ ಅವರ ಅವ್ವ ಕೇಳಿದ್ದು ಒಂದೇ: "ಯಾಕ ತಗದ್ರಪಾ?" ಅಣ್ಣ "ಗೊತ್ತಿಲ್ಲವ್ವಾ" ಅಂದ್ರು. ಓಣಿಯಲ್ಲಿ ಯಾರೂ ನಂಬಲಿಲ್ಲ. "ಸುಮ್ಮಸುಮ್ಮನ ಯಾರ ತಗೀತಾರ? ಏನರ ಮಾಡಿರಬೇಕು" ಅಂದ್ರು. ಕೆಲಸ ಹೋದದ್ದಕ್ಕಿಂತ ಈ ಮಾತೇ ತಮಗೆ ಹೆಚ್ಚು ನೋವು ಕೊಡ್ತು ಅಂತ ಅಣ್ಣ ನಮ್ಮ ಮುಂದೆ ಹೇಳಿದ್ರು.

ಕೆಲಸ ನಿಲ್ಲೋದು ನಮ್ಮ ಕಡೆ ಹೊಸದೇನಲ್ಲ. ಬನಹಟ್ಟಿಯಲ್ಲಿ ನೂಲಿನ ರೇಟ್ ಏರಿದರೆ, ಸೀರೆ ಮಾರಾಟ ಆಗದಿದ್ದರೆ ಮಗ್ಗ ನಿಲ್ಲುತ್ತೆ. ಮುಧೋಳ, ಜಮಖಂಡಿಯಲ್ಲಿ ಕಬ್ಬು ನುರಿಸೋ ಸೀಸನ್ ಮುಗಿದರೆ ಕಬ್ಬು ಕಡಿಯೋರು ಗಾಡಿ ಕಟ್ಟಿಕೊಂಡು ಹೊರಡ್ತಾರೆ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರಿಗೆ ಊರೇ ಹೋದವು. ಇದೆಲ್ಲ ನ್ಯಾಯ ಅಂತ ನಾವು ಹೇಳ್ತಿಲ್ಲ. ಆದ್ರೆ ಯಾಕೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಮಗ್ಗ ನಿಂತರೆ ನೇಕಾರನಿಗೆ ಕೆಲಸ ಬರಲ್ಲ ಅಂತ ಯಾರೂ ಅನ್ನಲ್ಲ.

2022ರ ನವೆಂಬರ್ 4ರಂದು ಟ್ವಿಟರ್ ತನ್ನ ಸುಮಾರು ಅರ್ಧದಷ್ಟು ಉದ್ಯೋಗಿಗಳನ್ನ ತೆಗೆಯಿತು. ಎಷ್ಟೋ ಜನಕ್ಕೆ ಕೆಲಸ ಹೋಗಿದೆ ಅಂತ ಗೊತ್ತಾಗಿದ್ದೇ ಲ್ಯಾಪ್‌ಟಾಪ್ ಲಾಕ್ ಆದಾಗ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನ ಕಳಿಸಿತು. ಅವರಲ್ಲಿ ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದವರೂ ಇದ್ದರು. ಮೂರು ಸಲ ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಅಂತ ಕಂಪನಿ ಹೇಳಿತು. ಪರೀಕ್ಷೆಯನ್ನೇ ಕಠಿಣ ಮಾಡಿದ್ರು ಅಂತ ಟ್ರೈನಿಗಳು ದೂರಿದರು. ಕಾರ್ಮಿಕ ಇಲಾಖೆಯ ಅಧಿಕಾರಿಗಳು ಕ್ಯಾಂಪಸ್‌ಗೆ ಹೋದರು. ಯಾರದು ಸರಿ ಅನ್ನೋದು ಬೇರೆ ಮಾತು. ಒಂದು ಕಾರಣ ಅಂತ ಮುಂದೆ ಇದ್ದರೆ ಅದು ತಪ್ಪು ಅಂತ ವಾದ ಆದ್ರೂ ಮಾಡಬಹುದು. ನಮ್ಮ ಅಣ್ಣನಿಗೆ ಅದೂ ಇರಲಿಲ್ಲ. ಏನೂ ಹೇಳದವರ ಜೊತೆ ಏನಂತ ವಾದ ಮಾಡೋದು?

ಇದು ನಾವು ಹೊಸದಾಗಿ ಕೇಳ್ತಿರೋ ಉಪಕಾರ ಅಲ್ಲ. 2025ರವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಂ ಪ್ರಕಾರ, ಒಂದು ವರ್ಷ ಸತತ ಕೆಲಸ ಮಾಡಿದ ಕಾರ್ಮಿಕನನ್ನ ಕೆಲಸ ಕಡಿತದಲ್ಲಿ ತೆಗೆಯಬೇಕಾದರೆ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕಿತ್ತು. ಆ ನೋಟಿಸಿನಲ್ಲಿ ಕಾರಣ ಬರೆದಿರಬೇಕಿತ್ತು. ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರ ಬೇರೆ ಇತ್ತು. ಸಾಫ್ಟ್‌ವೇರ್ ಎಂಜಿನಿಯರ್ ಈ 'ಕಾರ್ಮಿಕ' ಪದದೊಳಗೆ ಬರ್ತಾನಾ ಅನ್ನೋದೇ ದೊಡ್ಡ ವಾದ. ನಮಗೆ ಪವರ್‌ಲೂಮ್ ನಡೆಸೋರು ಕಾರ್ಮಿಕರು ಅಂತ ಗೊತ್ತು, ಕೀಬೋರ್ಡ್ ಒತ್ತೋರೂ ಕಾರ್ಮಿಕರೇ ಅಂತ ಯಾರೂ ಕಲಿಸಿಲ್ಲ.

ಮುಂದಿನ ವರ್ಷದಿಂದ ನಮ್ಮ ಪ್ಲೇಸ್‌ಮೆಂಟ್ ತಯಾರಿ ಶುರು. ಇಬ್ಬರ ಮನೆಯಲ್ಲಿ ಎಜುಕೇಶನ್ ಲೋನ್ ಇದೆ. ಹಂಗಾಗಿ ಕಂಪನಿಗಳೇ ಬೇಡ ಅನ್ನೋ ಧೈರ್ಯ ನಮಗಿಲ್ಲ. ಆಫರ್ ಲೆಟರ್ ಬಂದಾಗ ಪ್ಯಾಕೇಜ್ ಸಾಲಿನ ಜೊತೆಗೆ ನೋಟಿಸ್ ಪೀರಿಯಡ್ ಸಾಲನ್ನೂ ಓದೋದು ಅಂತ ಮಾತಾಡಿಕೊಂಡಿದ್ದೀವಿ. ಕರ್ನಾಟಕದಲ್ಲಿ ಐಟಿ ಉದ್ಯೋಗಿಗಳಿಗೂ 'ಕಿಟು' ಅನ್ನೋ ಸಂಘ ಇದೆ ಅಂತ ಈಗ ತಿಳ್ಕೊಂಡಿದ್ದೀವಿ. ಮತ್ತೆ, ಊರಿಗೆ ಕೆಲಸ ಕಳಕೊಂಡು ಬಂದ ಯಾರಿಗೂ "ಏನ್ ಮಾಡಿದಿ?" ಅಂತ ಕೇಳೋದಿಲ್ಲ. "ಊಟ ಆತೇನ?" ಅಂತ ಕೇಳ್ತೀವಿ. ಕಾರಣ ಹೇಳಬೇಕಾದವರು ಅವರಲ್ಲ.